ಗಿರಗಾಂವದ ಮೆಟ್ಟಿಲ ಮೇಲೆ ನೀಲತ್ತೆ

ಕೆಲವು ವರ್ಷಗಳ ಹಿಂದೆ, ಆಷಾಢದಲ್ಲಿ, ತಮ್ಮನ ಮಗನ ಮನೆಗೆಂದು ಮುಂಬೈಗೆ ಹೋಗಿದ್ದೆ. ಅವನು ಇರುವುದು ಗಿರಗಾಂವದ ಒಂದು ಹಳೆಯ ಕಟ್ಟಡದಲ್ಲಿ. ಲಿಫ್ಟ್ ಇಲ್ಲ, ಕಟ್ಟಿಗೆಯ ಮೆಟ್ಟಿಲು. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಮಳೆಗಾಳಿಗೆ ಉಬ್ಬಿದ ಸಾಗವಾನಿಯ ವಾಸನೆ ಮೂಗಿಗೆ ಬಂತು. ಅದರಲ್ಲಿ ಹಳೆಯ ಎಣ್ಣೆಯ ಜಿಡ್ಡು, ಒದ್ದೆ ಕೊಡೆ, ಯಾರದೋ ಮನೆಯ ಶುಂಠಿ ಚಹಾ ಎಲ್ಲ ಬೆರೆತಿದ್ದವು. ಅಲ್ಲಿಯೇ ಕುಳಿತುಬಿಟ್ಟೆ. ಹುಡುಗ ಗಾಬರಿಯಾಗಿ, "ದಮ್ಮ ಹತ್ತಿತೇನ್ರಿ ಅತ್ತಿ?" ಎಂದ. ಇಲ್ಲವೆಂದೆ. ಇಂಥದೇ ಒಂದು ಮೆಟ್ಟಿಲ ಮೇಲೆ ಒಂದು ಮಧ್ಯಾಹ್ನ ನಾನು ನೀಲತ್ತೆಯ ಪಕ್ಕದಲ್ಲಿ ಕುಳಿತಿದ್ದೆ ಎಂಬುದನ್ನು ಅವನಿಗೆ ಆ ಹೊತ್ತಿನಲ್ಲಿ ಹೇಗೆ ಹೇಳುವುದು? ಈಗ ಬರೆಯುತ್ತಿದ್ದೇನೆ.

ಅದು ಐವತ್ತನಾಲ್ಕನೆಯ ಇಸವಿಯ ಮಳೆಗಾಲ. ನಮ್ಮ ರೋಣ ಆಗ ಇನ್ನೂ ಮುಂಬೈ ರಾಜ್ಯದಲ್ಲಿತ್ತು. ನನಗೆ ಹದಿನೇಳು ವರ್ಷ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮನೆಯಲ್ಲಿ ಕುಳಿತಿದ್ದೆ. ನರಗುಂದದ ಕಡೆಯ ಒಂದು ಮನೆತನದವರು ನನ್ನನ್ನು ನೋಡಿ ಹೋಗಿದ್ದರು; ದೀಪಾವಳಿ ಕಳೆದ ಮೇಲೆ ಮಾತು ಮುಗಿಸುವುದೆಂದು ಆಗಿತ್ತು.

ನೀಲತ್ತೆ ಅಪ್ಪನ ತಂಗಿ. ಹದಿನೈದಕ್ಕೆ ಗಜೇಂದ್ರಗಡಕ್ಕೆ ಕೊಟ್ಟಿದ್ದರು. ಮದುವೆಯಾಗಿ ಮೂರು ವರ್ಷಕ್ಕೆ ಗಂಡ ವ್ಯಾಪಾರವೆಂದು ಸೊಲ್ಲಾಪುರಕ್ಕೆ ಹೋದವನು ಅಲ್ಲಿಯೇ ಇನ್ನೊಬ್ಬಳೊಡನೆ ಮನೆ ಮಾಡಿದ. ಒಂದು ಚೀಟಿ ಇಲ್ಲ, ಹೇಳಿಕಳಿಸಿದ್ದಿಲ್ಲ. ಗಂಡನ ತಾಯಿಯ ಕಾಲು ಒತ್ತಿಕೊಂಡು ಎರಡು ವರ್ಷ ಕಾದು, ಆಮೇಲೆ ಒಂದು ಟ್ರಂಕು ಹಿಡಿದು ನೀಲತ್ತೆ ರೋಣದ ನಮ್ಮ ಮನೆಗೆ ಬಂದಳು. ಹೊಲಿಗೆ ಕಲಿತಳು. ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತ ಮತ್ತೆ ಮೂರು ವರ್ಷ ಕಳೆದಳು. ಆಗ ಅವನು ತಿರುಗಿ ಬಂದ. ಸೊಲ್ಲಾಪುರದ ಮನೆ ಮುರಿದಿತ್ತು, ಅವನ ತಾಯಿ ಹಾಸಿಗೆ ಹಿಡಿದಿದ್ದಳು, ರೊಟ್ಟಿ ಬಡಿಯುವವರು ಬೇಕಾಗಿತ್ತು. ಹಿರಿಯರನ್ನು ಕಳಿಸಿದ. ನೀಲತ್ತೆ ಹಿರಿಯರಿಗೆ ಚಹಾ ಮಾಡಿಕೊಟ್ಟು, ತಾನು ಬರುವುದಿಲ್ಲವೆಂದು ಹೇಳಿದಳು.

ಹೆಂಡತಿಯೂ ಕೋರ್ಟಿಗೆ ಹೋಗಿ ಬಿಡುಗಡೆ ಕೇಳಬಹುದು ಎಂಬ ಕಾಯಿದೆ ನಮ್ಮ ಕಡೆ ಬಂದು ಆಗ ಕೆಲವೇ ವರ್ಷಗಳಾಗಿದ್ದವು. ಹಾಗೆಂದು ಪೇಪರಿನಲ್ಲಿ ಓದಿ ಹೇಳಿದವಳು ನಾನೇ. ಅವಳು ಮೂರು ಸಲ ಓದಿಸಿಕೊಂಡಳು. ಧಾರವಾಡದಲ್ಲಿ ದಾವೆ ಹೂಡಿ ಗೆದ್ದಳು. ಗಂಡ ಬಿಡಲಿಲ್ಲ, ಮುಂಬೈಯ ದೊಡ್ಡ ಕೋರ್ಟಿಗೆ ಅಪೀಲು ಮಾಡಿದ. ತಮ್ಮ ಮನೆತನದಲ್ಲಿ ಯಾರೂ ಹೆಂಗಸಿನ ಕೈಯಲ್ಲಿ ಸೋಡಚೀಟಿ, ಅಂದರೆ ಬಿಡುಗಡೆ ಪತ್ರ, ತಗೊಂಡಿಲ್ಲ ಎಂಬುದು ಅವನ ಮಾತು. ಅವನು ಅವಳನ್ನು ಬಿಟ್ಟೇ ಇರಲಿಲ್ಲ, ದುಡಿಯಲು ಹೋಗಿದ್ದ ಎಂಬುದು ಅವನ ವಕೀಲರ ಮಾತು. ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಏಕೆಂಬುದು ಮುಂದೆ ಗೊತ್ತಾಗುತ್ತದೆ.

ಧಾರವಾಡದ ವಕೀಲರು ಕಾಗದ ಬರೆದರು. ಮುಂಬೈಯಲ್ಲಿ ಬೇರೆ ವಕೀಲರನ್ನು ಗೊತ್ತುಮಾಡಿದೆ, ಪಕ್ಷಗಾರರು ಹೋಗುವ ಅಗತ್ಯವಿಲ್ಲ ಎಂದು. ಅಪ್ಪನಿಗೆ ನಿರಾಳವಾಯಿತು. ನೀಲತ್ತೆ ಟ್ರಂಕು ಒರೆಸತೊಡಗಿದಳು.

"ವಕೀಲರು ಬ್ಯಾಡಂತ ಬರದಾರಲ್ಲ ನೀಲಾ," ಎಂದ ಅಪ್ಪ.

"ಬ್ಯಾಡ ಅಂದಿಲ್ಲ ಅಣ್ಣಾ. ಅಗತ್ಯ ಇಲ್ಲ ಅಂದಾರ. ನನಗ ಅಗತ್ಯ ಐತಿ."

"ಅಲ್ಲಿ ಹೋಗಿ ಏನ ಮಾಡಾಕಿ? ಅಲ್ಲಿ ಎಲ್ಲಾ ಇಂಗ್ಲೀಷಿನಾಗ ನಡೀತೈತಿ."

"ನಡೀಲಿ. ನನ್ನ ಬಾಳ್ವೆದ ಮ್ಯಾಲ ನಾಲ್ಕು ಮಂದಿ ಕುಂತು ಮಾತಾಡೂ ಮುಂದ ನಾನು ಇಲ್ಲಿ ಜ್ವಾಳಾ ಹಸನ ಮಾಡಿಕೋತ ಕುಂದರ್ಲೇನು?"

ಮೃಗಶಿರಾ ಮಳೆ ಬಿದ್ದು ಹೆಸರು ಬಿತ್ತುವ ಹದ ಬಂದಿತ್ತು. ಅಪ್ಪ ಹೊಲ ಬಿಟ್ಟು ಬರುವಂತಿರಲಿಲ್ಲ, ಬರುವ ಮನಸ್ಸೂ ಇರಲಿಲ್ಲ ಅನಿಸುತ್ತದೆ. ಕೊನೆಗೆ ನಾಲ್ಕಕ್ಷರ ಬಲ್ಲವಳೆಂದು ನನ್ನನ್ನು ಜೊತೆಗೆ ಕಳಿಸಿದರು. ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಟ್ಟಳು. ಗದಗಿಗೆ ಬಸ್ಸು, ಹುಬ್ಬಳ್ಳಿಗೆ ರೈಲು, ಪುಣೆಯಲ್ಲಿ ಇಳಿದು ಇನ್ನೊಂದು ರೈಲು. ಮುಂಬೈಯ ಬೋರಿಬಂದರು ಸ್ಟೇಷನ್ನಿನಲ್ಲಿ ಇಳಿದಾಗ ಮಳೆ ಹೊಯ್ಯುತ್ತಿತ್ತು. ನಮ್ಮೂರಲ್ಲಿ ಒಂದು ಮೋಡ ಕಂಡರೆ ಅಂಗಳಕ್ಕೆ ಬಂದು ನೋಡುತ್ತೇವೆ. ಇಲ್ಲಿ ಜನ ಆಕಾಶವನ್ನು ನೋಡುತ್ತಲೇ ಇರಲಿಲ್ಲ.

ಮೊದಲು ದಾದರಿನಲ್ಲಿದ್ದ ಅವ್ವನ ಕಡೆಯ ಬಳಗದವರ ಮನೆಗೆ ಹೋದೆವು. ಚಹಾ ಕೊಟ್ಟರು. ಬಂದ ಕಾರಣ ಕೇಳಿದರು. ನೀಲತ್ತೆ ಮುಚ್ಚಿಡಲಿಲ್ಲ. ಮನೆಯೊಡತಿ ಸೆರಗಿನ ತುದಿ ಮಡಚುತ್ತ, "ತಪ್ಪ ತಿಳಕೋಬ್ಯಾಡ್ರಿ. ನಮ್ಮ ಹುಡಿಗೀನ್ನ ನೋಡಾಕ ಮಂದಿ ಬರ್ತಾರ. ಸೋಡಚೀಟಿ ಅಂತ ಕೋರ್ಟಿಗೆ ಬಂದಾಕಿ ಮನ್ಯಾಗ ಅದಾಳ ಅಂದ್ರ ಚಲೋ ಕಾಣಂಗಿಲ್ಲ," ಎಂದಳು. ನೀಲತ್ತೆ ಅರ್ಧ ಕುಡಿದ ಕಪ್ಪನ್ನು ಕೆಳಗಿಟ್ಟು, "ಚಾ ಚಲೋ ಆಗಿತ್ರಿ," ಎಂದು ಎದ್ದಳು.

ಎರಡು ಲಾಜಿಂಗುಗಳಲ್ಲಿ ಒಂದೇ ಪ್ರಶ್ನೆ: ಜೊತೆಗೆ ಗಂಡಸರು ಯಾರು? ಯಾರೂ ಇಲ್ಲವೆಂದರೆ ಜಾಗವೂ ಇಲ್ಲ. ಎರಡನೆಯ ಕಡೆಯಲ್ಲಿದ್ದವನು ನಮ್ಮನ್ನು ನೋಡಿದ ರೀತಿಗೆ ನಾನು ಅತ್ತೆಯ ಸೆರಗು ಹಿಡಿದುಕೊಂಡೆ. ನಮ್ಮನ್ನು ಕರೆತಂದ ಕುದುರೆಗಾಡಿಯವನು ಮುದುಕ. ನಾವು ಎರಡನೆಯ ಸಲ ಟ್ರಂಕು ಹೊತ್ತು ಹೊರಗೆ ಬಂದದ್ದನ್ನು ಕಂಡು, ಏನೂ ಕೇಳದೆ ಗಾಡಿ ತಿರುಗಿಸಿ ಗಿರಗಾಂವದ ಒಂದು ಸಣ್ಣ ಗಲ್ಲಿಯಲ್ಲಿ ನಿಲ್ಲಿಸಿದ.

ಆ ಮನೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಿತ್ತಾಳೆ ಪಾತ್ರೆಯ ಅಂಗಡಿಗೂ ಒಂದು ಛಾಪಖಾನೆಗೂ ನಡುವೆ ಒತ್ತಿಕೊಂಡು ನಿಂತ ಮೂರು ಅಂತಸ್ತಿನ ಇಕ್ಕಟ್ಟು ಮನೆ. ಎರಡು ಕಿಟಕಿಯಷ್ಟೇ ಅಗಲ. ನೀಲಿ ಬಾಗಿಲು. ಹಿಂದೆ ಒಂದೇ ಕುಟುಂಬ ಇದ್ದದ್ದನ್ನು ಅದರ ಒಡತಿ ತನ್ನ ಗಂಡ ತೀರಿದ ಮೇಲೆ ಬಂದುಹೋಗುವವರಿಗೆ ತೆರೆದಿದ್ದಳು. ಒಟ್ಟು ಆರು ಕೋಣೆ. ಅವಳ ಹೆಸರು ಇಂದಿರಾಬಾಯಿ, ಎಲ್ಲರಿಗೂ ಬಾಯಿ. ರತ್ನಾಗಿರಿಯ ಕಡೆಯವಳು, ಐವತ್ತರ ಹತ್ತಿರ, ಬೋಳು ಹಣೆ, ಕಪ್ಪು ಚೌಕಟ್ಟಿನ ಚಾಳೀಸು. ಬಂದುಹೋಗುವವರ ಪುಸ್ತಕ ಬರೆಯುವುದು, ಕೀಲಿ ಕೊಡುವುದು ಅವಳ ಗಂಡನ ಅಣ್ಣ ಅಪ್ಪಾಸಾಹೇಬರ ಕೆಲಸ. ಅವರಿಬ್ಬರೂ ಆಡುತ್ತಿದ್ದುದು ಮರಾಠಿ. ನಮ್ಮ ಕಡೆಯವರಿಗೆ ಆಗ ಆ ಮಾತು ತಕ್ಕಮಟ್ಟಿಗೆ ಬರುತ್ತಿತ್ತು. ನಾನು ಎಲ್ಲವನ್ನೂ ನಮ್ಮ ಮಾತಿನಲ್ಲಿಯೇ ಬರೆಯುತ್ತೇನೆ.

ಅಪ್ಪಾಸಾಹೇಬರು ಪುಸ್ತಕ ಬಿಚ್ಚಿ ಹೆಸರು, ಊರು ಬರೆದುಕೊಂಡರು. ಆಮೇಲೆ, "ಗಂಡನ ಹೆಸರು?" ಎಂದರು.

ನೀಲತ್ತೆ ಸುಮ್ಮನೆ ನಿಂತಳು. ಗಂಡನ ಹೆಸರು ಹೇಳಲು ನಾಚುವ ಹೆಂಗಸರನ್ನು ಬೇಕಾದಷ್ಟು ನೋಡಿದ್ದ ಅವರು ನಕ್ಕು ನನ್ನತ್ತ ತಿರುಗಿ, "ನೀನು ಹೇಳವ್ವ," ಎಂದರು.

"ಆಕಿನೂ ಹೇಳಂಗಿಲ್ರಿ," ಎಂದಳು ನೀಲತ್ತೆ. "ಆ ಹೆಸರು ತಗಸಾಕಂತನ ನಾ ಮುಂಬೈಗೆ ಬಂದೀನಿ. ಮತ್ತ ಇಲ್ಲಿ ಬರಸ್ಲೇನು?"

"ಪೊಲೀಸರು ಬಂದು ಪುಸ್ತಕ ನೋಡ್ತಾರೆ. ಈ ಜಾಗ ಖಾಲಿ ಬಿಡುವಂತಿಲ್ಲ."

"ತಂದಿ ಹೆಸರು ಬರೀರಿ. ಅಣ್ಣನ ಹೆಸರು ಬರೀರಿ. ಅದೂ ಆಗಂಗಿಲ್ಲಂದ್ರ ನನ್ನ ಹೆಸರನ್ನ ಎರಡು ಸಲ ಬರೀರಿ."

ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಬಾಯಿ ಕೈ ಒರೆಸಿಕೊಳ್ಳುತ್ತ ಬಂದು, ಪೆನ್ನು ತೆಗೆದುಕೊಂಡು ತಂದೆಯ ಹೆಸರು ಕೇಳಿ ಬರೆದಳು. ಮೂರನೆಯ ನಂಬರಿನ ಕೀಲಿಯನ್ನು ನೀಲತ್ತೆಯ ಕೈಗೆ ಕೊಟ್ಟಳು. "ಮೊದಲು ತಲೆ ಒರೆಸಿಕೊಳ್ಳಿ. ನೀರು ಕಾದಿದೆ," ಎಂದಳು.

ಆ ಕೋಣೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬಿಳಿಗೆ ನೀಲಿ ಹೂವಿನ ಹೆಂಚಿನ ನೆಲ. ಸೊಳ್ಳೆಪರದೆ ಕಟ್ಟಿದ ದೊಡ್ಡ ಮಂಚ. ತಲೆದಿಂಬಿನ ಮೂಲೆಯಲ್ಲಿ ಬಾಯಿಯೇ ಹಾಕಿದ ಗುಲಾಬಿ ಕಸೂತಿ. ಕಿಟಕಿಗೆ ಹೊಂದಿಸಿ ಒಂದು ಕಟ್ಟೆ, ಅದರ ಮೇಲೆ ಮೆತ್ತೆ. ಕಾಲು ಮಡಚಿ ಕುಳಿತರೆ ಗಲ್ಲಿಯ ತುಂಬ ಕೊಡೆಗಳು ಕಾಣುತ್ತಿದ್ದವು. ಬಟ್ಟೆ ಒಣಗದ ಆ ದಿನಗಳಲ್ಲಿ ಬಾಯಿ ಶೆಗಡಿಯ ಕೆಂಡದ ಮೇಲೆ ಬಿದಿರ ಬುಟ್ಟಿ ಬೋರಲು ಹಾಕಿ ಸೀರೆ ಹರವುತ್ತಿದ್ದಳು. ಉಟ್ಟರೆ ಮೈಗೆ ಬೆಚ್ಚಗೆ ಹತ್ತುತ್ತಿತ್ತು. ಆದರೆ ಇದೆಲ್ಲಕ್ಕಿಂತ ದೊಡ್ಡದು ಬಾಗಿಲ ಒಳಗಿನ ಅಗಳಿ. ರೋಣದ ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುವವರು ಗಂಡ ಹೆಂಡಿರು, ಇಲ್ಲವೆ ಬಾಣಂತಿ. ಮಿಕ್ಕವರಿಗೆ ಪಡಸಾಲೆ. ಮೊದಲ ದಿನ ನೀಲತ್ತೆ ಆ ಅಗಳಿಯನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಕೀಲಿಯನ್ನು ನಡುವಿಗೆ ಸಿಕ್ಕಿಸಿಕೊಂಡಳು. ಇಪ್ಪತ್ತೈದು ವರ್ಷದ ಬದುಕಿನಲ್ಲಿ ಅದು ಅವಳ ಮೊದಲ ಸ್ವಂತ ಕೋಣೆ.

ಎರಡು ವಾರವೆಂದು ಹೋದವರು ಏಳು ವಾರ ಇದ್ದೆವು. ಕೆಲಸ ಮುಂದೆ ಮುಂದೆ ಹೋಗುತ್ತಿತ್ತು. ಕರೆದ ದಿನ ಹೋಗಿ ಕಪ್ಪು ಕೋಟುಗಳ ಹಿಂದಿನ ಬೆಂಚಿನಲ್ಲಿ ಕುಳಿತು, ಮುಂದಿನ ತಾರೀಖು ಕೇಳಿಕೊಂಡು ಬರುವುದು. ಅವಳಿಗೆ ಬೇಸರವಾಗಲಿಲ್ಲ. ಬಾಯಿಯ ಹೊಲಿಗೆ ಮಶೀನು ಮೂಲೆಯಲ್ಲಿ ಧೂಳು ಹಿಡಿದಿತ್ತು. ಅದನ್ನು ಬಿಚ್ಚಿ ಎಣ್ಣೆ ಬಿಟ್ಟು ಆರೂ ಕೋಣೆಗಳಿಗೆ ಹಸಿರು ಪರದೆ ಹೊಲಿದಳು. ಹೊಲಿಯುತ್ತ ಬಾಯಿಯೂ ಅವಳೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ನನಗೆ ಕಿಟಕಿಯ ಕಟ್ಟೆ, ಬಾಯಿಯ ಕಪಾಟಿನ ಪುಸ್ತಕಗಳು.

ಊಟಕ್ಕೆ ಕೆಳಗೆ ಉದ್ದದ ಟೇಬಲ್ಲು, ಎಲ್ಲರೂ ಒಟ್ಟಿಗೆ. ಮೂರನೆಯ ವಾರ ಬೆಳಗಾವಿಯ ಒಂದು ಕುಟುಂಬ ಬಂತು. ಯಜಮಾನರಿಗೆ ದವಾಖಾನೆಯ ಕೆಲಸ. ಅವರ ಹೆಂಡತಿ ಕಾಸಿನಗಲ ಕುಂಕುಮದ, ಗಟ್ಟಿ ದನಿಯ ಹೆಂಗಸು. ನಾವು ಕಾಕು ಎನ್ನುತ್ತಿದ್ದೆವು. ಕನ್ನಡದವರು ಸಿಕ್ಕರೆಂದು ಎರಡು ದಿನ ಚೆನ್ನಾಗಿದ್ದಳು. ಮೂರನೆಯ ದಿನ ವಿಷಯ ತಿಳಿಯಿತು. ಗಂಡನನ್ನು ಬಿಟ್ಟವಳ ಪಂಕ್ತಿಯಲ್ಲಿ ಕೂಡುವುದಿಲ್ಲವೆಂದು ಅಪ್ಪಾಸಾಹೇಬರಿಗೆ ಹೇಳಿದಳು. ಅವರು ಮೇಲೆ ಬಂದು, ನಿಮ್ಮಿಬ್ಬರ ಊಟ ಇನ್ನು ಮೇಲೆ ಕೋಣೆಗೇ ಕಳಿಸುತ್ತೇವೆ ಎಂದು ನಯವಾಗಿ ತಿಳಿಸಿದರು.

"ಖೋಲಿಗೆ ತಾಟ ಕಳಸೂದು ಆರಾಮ ಇಲ್ಲದವರಿಗೆ," ಎಂದಳು ನೀಲತ್ತೆ. "ನಾ ಆರಾಮ ಇದೀನ್ರಿ."

ಕೆಳಗಿಳಿದು ಎಂದಿನ ಕುರ್ಚಿಯಲ್ಲಿ ಕುಳಿತಳು. ಕಾಕು ಕುರ್ಚಿ ಸರಿಸಿ ಬೆನ್ನು ತಿರುಗಿಸಿದಳು. ಬಾಯಿ ಅಡಿಗೆಮನೆಯಿಂದ ಬಂದು, ಒಮ್ಮೆ ಎಲ್ಲರನ್ನೂ ನೋಡಿ, ಮೊದಲು ನೀಲತ್ತೆಯ ತಾಟಿಗೆ ಬಡಿಸಿದಳು. ಅಂದಿನಿಂದ ದಿನವೂ ಹಾಗೆಯೇ. ಕಾಕುವಿನ ಬೆನ್ನು ನೋಡುತ್ತ ನಾವು ಹತ್ತು ದಿನ ಉಂಡೆವು.

ಶ್ರಾವಣ ಹತ್ತಿದ ಮೇಲಿನ ಮಾತು. ವಿಚಾರಣೆಗೆ ಮೂರು ದಿನ ಉಳಿದಿತ್ತು. ವಕೀಲರನ್ನು ಕಂಡು, ದಾರದುಂಡೆ ತೆಗೆದುಕೊಂಡು ನಾವು ಮಧ್ಯಾಹ್ನ ನಾಲ್ಕಕ್ಕೆ ತಿರುಗಿ ಬಂದೆವು. ಬಾಯಿ ಠಾಣೆಯಲ್ಲಿದ್ದ ತಂಗಿಯ ಮನೆಗೆ ಹೋಗಿದ್ದಳು. ಹೊರಡುವಾಗ ಕೀಲಿಯನ್ನು ಅಪ್ಪಾಸಾಹೇಬರ ಹತ್ತಿರ ಕೊಟ್ಟು ಹೋಗುವುದು ಅಲ್ಲಿಯ ರೂಢಿ. ಅಂದು ಕೇಳಿದರೆ, "ಮೇಲೆ ಇದೆ. ಯಜಮಾನರು ಬಂದಿದ್ದಾರೆ," ಎಂದರು. ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ಸಮಾಧಾನವಿತ್ತು.

ಮೂರನೆಯ ನಂಬರಿನ ಬಾಗಿಲು ತೆರೆದಿತ್ತು. ಅವನು ಕಾಲ್ಮರಿ ಬಿಚ್ಚಿಟ್ಟು, ಕೋಟನ್ನು ಗೂಟಕ್ಕೆ ತೂಗುಹಾಕಿ ನಮ್ಮ ಮಂಚದ ಮೇಲೆ ಕುಳಿತಿದ್ದ.

"ಬಾ ನೀಲಾ. ಭಾಳ ದಿವಸ ಆತು," ಎಂದ. ದನಿ ಮೆತ್ತಗಿತ್ತು. "ಅವ್ವ ಹಾಸಿಗಿ ಹಿಡದಾಳ. ನಿನ್ನ ನೆನಸ್ತಾಳ."

ನೀಲತ್ತೆ ಹೊಸ್ತಿಲ ಹೊರಗೇ ನಿಂತಳು. "ಹೊರಗ ಬಾ. ಇದು ನನ್ನ ಖೋಲಿ."

"ಗಂಡ ಹೆಂಡತಿಗೆ ಬ್ಯಾರೆ ಬ್ಯಾರೆ ಖೋಲಿ ಇರತಾವೇನು? ಕೆಳಗ ಬುಕ್ಕಿನ್ಯಾಗ ನನ್ನ ಹೆಸರ ಬರಸೇನಿ. ನಿನ್ನ ಹೆಸರಿನ ಪಕ್ಕಕ್ಕ."

ನಾನು ಒದ್ದೆ ಕೊಡೆಯನ್ನು ಒಳಗಿಡಲು ಕಾಲು ಮುಂದಿಟ್ಟೆ. ಅವಳು ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. "ಶಾಂತಾ, ಒಳಗ ಕಾಲ ಇಡಬ್ಯಾಡ."

ಅವಳು ಕೂಗಲಿಲ್ಲ. ಒಂದು ಗಳಿಗೆ ಯೋಚಿಸಿದಳು. ಆಮೇಲೆ ಎಲ್ಲರೂ ಹತ್ತಿಳಿಯುವ ಮೆಟ್ಟಿಲಿಗೆ ಬಂದು, ನಟ್ಟನಡುವೆ ಕುಳಿತಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಎರಡನೆಯ ಕೋಣೆಯ ಮುದುಕರೊಬ್ಬರು ಇಳಿದು ಬಂದರು. ಅವರಿಗೆ ದಾರಿ ಬಿಡುತ್ತ, "ಈಗ ನಾಲ್ಕು ಹೊಡದೈತ್ರಿ. ನಾ ಇಲ್ಲೇ ಕುಂತೀನಿ. ನೋಡಿಕೊಂಡು ಹೋಗ್ರಿ," ಎಂದಳು. ನೀರು ಹೊತ್ತು ಬಂದ ಆಳಿಗೂ ಅದನ್ನೇ ಹೇಳಿದಳು. ಯಾಕೆ ಹೀಗೆ ಹೇಳುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ. ಕೇಳಿದ್ದಕ್ಕೆ, "ಮಂದಿ ನೋಡಬೇಕು," ಎಂದಷ್ಟೇ ಅಂದಳು.

ಅಪ್ಪಾಸಾಹೇಬರು ಬಂದರು. "ಇದು ಮರ್ಯಾದಸ್ಥರ ಮನೆ. ಹೀಗೆ ದಾರಿಯಲ್ಲಿ ಕೂತರೆ ಹೇಗೆ?"

"ಮರ್ಯಾದಸ್ಥರ ಮನಿ ಅಂತನ ಹೊರಗ ಕುಂತೀನ್ರಿ."

ಸ್ವಲ್ಪ ಹೊತ್ತಿಗೆ ಅವನೇ ಬಾಗಿಲಿಗೆ ಬಂದ. ಈಗ ದನಿ ಮೆತ್ತಗಿರಲಿಲ್ಲ. "ಮಂದ್ಯಾಗ ಮಾನ ಕಳೀತಿ."

"ಯಾರದು?" ಎಂದಳು, ತಿರುಗಿ ನೋಡದೆ.

ಮಳೆ ಹೆಂಚಿನ ಮೇಲೆ ಒಂದೇ ಸಮನೆ ಬಡಿಯುತ್ತಿತ್ತು. ಮೆಟ್ಟಿಲ ತಂಪು ಮೈಗೆ ಏರುತ್ತಿತ್ತು. ನನಗೆ ಹೆದರಿಕೆ, ನಾಚಿಕೆ ಎರಡೂ. ನಿಜ ಹೇಳುತ್ತೇನೆ, ಒಂದು ಸಲ, ಇವಳು ಇಷ್ಟು ಹಟ ಮಾಡಬಾರದಾಗಿತ್ತು ಅನಿಸಿತು. ಆಗ ಮೇಲಿನಿಂದ ಕಾಕು ಇಳಿದು ಬಂದಳು. ನಮ್ಮನ್ನು ನೋಡಿದಳು, ತೆರೆದ ಬಾಗಿಲನ್ನು ನೋಡಿದಳು, ಒಳಗಿದ್ದವನನ್ನು ನೋಡಿದಳು. ತಿರುಗಿ ಮೇಲೆ ಹೋದಳು. ಇನ್ನು ಯಾರಿಗೆ ಏನು ಹೇಳಲು ಹೋದಳೋ ಎಂದುಕೊಂಡೆ. ಒಂದು ಮಡಚಿದ ಜಮಖಾನೆ ಹಿಡಿದು ಬಂದಳು.

"ಕಟ್ಟಿಗಿ ತಂಪ ಐತಿ. ಹಾಸಿಕೋ," ಎಂದಳು. ಹಾಸಿಕೊಟ್ಟು, ನಮಗಿಂತ ಒಂದು ಮೆಟ್ಟಿಲು ಮೇಲೆ ತಾನೂ ಕುಳಿತಳು. ಹತ್ತಿ ತೆಗೆದು ಬತ್ತಿ ಹೊಸೆಯತೊಡಗಿದಳು. ಬಹಳ ಹೊತ್ತಿನ ಮೇಲೆ, ಯಾರಿಗೆಂದಿಲ್ಲದೆ, "ನನ್ನ ತಂಗಿ ಒಳಗ ಹೋಗಿದ್ಲು," ಎಂದಳು. ಮುಂದೇನಾಯಿತೆಂದು ನೀಲತ್ತೆ ಕೇಳಲಿಲ್ಲ. ಕಾಕು ಹೇಳಲೂ ಇಲ್ಲ.

ದೀಪ ಹಚ್ಚುವ ಹೊತ್ತಿಗೆ ಬಾಯಿ ಬಂದಳು. ಕೆಳಗೆ ಅಪ್ಪಾಸಾಹೇಬರು ಏನೋ ಹೇಳಹೋದರು, ಅವಳು ನಿಲ್ಲಲಿಲ್ಲ. ಒದ್ದೆ ಸೀರೆಯಲ್ಲೇ ಮೆಟ್ಟಿಲು ಹತ್ತಿ ಮೂರನೆಯ ನಂಬರಿನ ಬಾಗಿಲಲ್ಲಿ ನಿಂತಳು.

"ಈ ಖೋಲಿ ಯಾರದು?"

"ನನ್ನ ಹೆಂಡತಿದು," ಎಂದ ಅವನು.

"ಹಾಗಾದರೆ ನಿಮ್ಮದಲ್ಲ. ಏಳಿ."

ಅವನು ಎದ್ದ. ಕೋಟು ಹಾಕಿಕೊಂಡು ನಮ್ಮನ್ನು ದಾಟಿ ಇಳಿಯುವಾಗ, "ಬುಕ್ಕಿನ್ಯಾಗ ಬರದದ್ದು ಬರದಂಗ ಐತಿ. ಕೋರ್ಟಿನ್ಯಾಗ ನೋಡೂಣು," ಎಂದ.

ಆಗ ನೀಲತ್ತೆಗೆ ತಾನು ಊಹಿಸಿದ್ದು ನಿಜವೆಂದು ತಿಳಿಯಿತು. ಬಾಯಿ ಪುಸ್ತಕ ತರಿಸಿದಳು. ನೀಲತ್ತೆಯ ಹೆಸರಿನ ಪಕ್ಕದಲ್ಲಿ ಅವನ ಹೆಸರು, ಗಂಡ ಎಂದು, ಕಪ್ಪು ಮಸಿಯಲ್ಲಿ ಹೊಳೆಯುತ್ತಿತ್ತು. ಹೊಡೆದುಹಾಕಿಬಿಡಿ ಎಂದೆ ನಾನು. ಬಾಯಿ ಬೇಡವೆಂದಳು, ಹೊಡೆದುಹಾಕಿದರೆ ನಾವೇ ಸುಳ್ಳರಾಗುತ್ತೇವೆ ಎಂದಳು. ಆ ಸಾಲಿನ ಕೆಳಗೆ ಬರೆದಳು: ಕೋಣೆಯವರನ್ನು ಕೇಳದೆ ಈ ಮನುಷ್ಯನನ್ನು ಒಳಗೆ ಬಿಡಲಾಗಿತ್ತು. ಈ ಹೆಂಗಸು ಒಳಗೆ ಹೋಗಲಿಲ್ಲ. ನಾಲ್ಕರಿಂದ ದೀಪ ಹಚ್ಚುವ ತನಕ ಮೆಟ್ಟಿಲ ಮೇಲೆ ಇದ್ದಳು. ಕೆಳಗೆ ಸಹಿ ಹಾಕಿದಳು. ಕಾಕು ಕೈ ಚಾಚಿ ಪೆನ್ನು ಕೇಳಿದಳು. ಒಂದೊಂದೇ ಅಕ್ಷರ ಕೂಡಿಸಿ ಕನ್ನಡದಲ್ಲಿ ಸಹಿ ಮಾಡಿದಳು. ಕೊನೆಗೆ ಅಪ್ಪಾಸಾಹೇಬರೂ, ಯಾರ ಮುಖವನ್ನೂ ನೋಡದೆ, ಮಾಡಿದರು.

ಮೂರನೆಯ ದಿನ ಕೋರ್ಟಿನಲ್ಲಿ ಅವನ ವಕೀಲರು ಎದ್ದು ಹೇಳಿದ್ದು ಅದನ್ನೇ. ಗಂಡ ಹೆಂಡತಿ ಒಂದಾಗಿದ್ದಾರೆ, ಒಂದೇ ಹೋಟೆಲಿನ ಒಂದೇ ಕೋಣೆಯಲ್ಲಿ ಇಬ್ಬರ ಹೆಸರಿದೆ, ಇನ್ನು ಬಿಡುಗಡೆಯ ಮಾತೇ ಉಳಿಯಲಿಲ್ಲ. ಇಂಗ್ಲೀಷಿನಲ್ಲಿ ಹೇಳಿದರೂ ನಮ್ಮ ವಕೀಲರು ಹಿಂದೆ ತಿರುಗಿ ನೋಡಿದಾಗಲೇ ನಮಗೆ ತಿಳಿಯಿತು. ಅವರು ಏನೋ ಹೇಳಿದರು. ಪೀಠದ ಮೇಲಿದ್ದ ಇಬ್ಬರಲ್ಲಿ ಹಿರಿಯರು ಕನ್ನಡಕ ತೆಗೆದು, ಆ ಹೆಂಗಸು ಇಲ್ಲಿ ಇದ್ದಾಳೆಯೇ ಎಂದು ಮರಾಠಿಯಲ್ಲಿ ಕೇಳಿದರು.

ನೀಲತ್ತೆ ಎದ್ದು ನಿಂತಳು. ಮುಂದೆ ಕರೆದರು, ಹೋದಳು.

"ನೀವು ಇವರ ಜೊತೆ ಆ ಕೋಣೆಯಲ್ಲಿ ಇದ್ದಿರೇನು?"

"ಇಲ್ರಿ ಸಾಹೇಬ್ರ. ಇವರು ಖೋಲ್ಯಾಗ ಇದ್ರು. ನಾ ಮೆಟ್ಟಲದ ಮ್ಯಾಲೆ ಇದ್ದೆ."

"ಮೆಟ್ಟಿಲ ಮೇಲೆ ಯಾಕೆ?"

"ಒಳಗ ಹೋಗಿದ್ರ ಇವರ ಮಾತು ಖರೇ ಆಕ್ಕಿತ್ರಿ. ಬಿಟ್ಟು ಬೀದಿಗೆ ಹೋಗಿದ್ರ ನನ್ನ ಖೋಲಿ ಇವರದು ಆಕ್ಕಿತ್ರಿ."

ಹಿಂದಿನ ಬೆಂಚಿನಲ್ಲಿ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದ ಬಾಯಿಯನ್ನು ಕರೆದರು. ಪುಸ್ತಕ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. ಇಬ್ಬರೂ ಆ ಸಾಲುಗಳನ್ನು ಓದಿದರು. ಅವನ ವಕೀಲರು ಮತ್ತೆ ಆ ಮಾತು ಎತ್ತಲಿಲ್ಲ.

ಮುಂದಿನ ವಾರ ಅಪೀಲು ವಜಾ ಆಯಿತು. ನಮ್ಮ ವಕೀಲರು ಕಡತಕ್ಕೆ ಲಾಡಿ ಕಟ್ಟುತ್ತ, "ಮುಗೀತ್ರಿ, ಇನ್ನ ನೀವು ಯಾರಿಗೂ ಹೆಂಡತಿ ಅಲ್ಲ," ಎಂದಾಗ ನೀಲತ್ತೆ ಅಳಲಿಲ್ಲ, ನಗಲಿಲ್ಲ. ಇನ್ನೊಂದು ದಿನ ಇಲ್ಲಿ ಇರೋಣ ಎಂದಳು. ಏಳು ವಾರ ಅವಳು ಸಮುದ್ರದ ಕಡೆಗೆ ಹೋಗಿರಲಿಲ್ಲ. ಅಂದು ಬಾಯಿ, ಕಾಕು, ನಾವಿಬ್ಬರು, ನಾಲ್ವರೂ ಚೌಪಾಟಿಗೆ ಹೋಗಿ ಮಳೆಯಲ್ಲಿ ನೆನೆಯುತ್ತ ನಿಂತೆವು. ಕಾಕುವಿನ ದೊಡ್ಡ ಕುಂಕುಮ ಕರಗಿ ಮೂಗಿನ ಮೇಲೆ ಇಳಿಯಿತು. ಅದನ್ನು ಕಂಡು ನೀಲತ್ತೆ ನಕ್ಕಳು. ಅವಳು ಹಾಗೆ ಹೊಟ್ಟೆ ಹಿಡಿದು ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಊರಿಗೆ ಬಂದಾಗ ಹೆಸರಿನ ಕಾಯಿ ಬಿಡಿಸುತ್ತಿದ್ದರು. ಅಪ್ಪ ಎಲ್ಲವನ್ನೂ ಕೇಳಿ, "ನೀ ಹೋಗದ ಇದ್ದಿದ್ರ ಅವಗ ಆ ಹೋಟೆಲು ಸಿಗತಿದ್ದಿಲ್ಲ, ಆ ರಗಳೆನೂ ಆಗತಿದ್ದಿಲ್ಲ," ಎಂದ. ಇರಬಹುದು. "ಹೋಗದ ಇದ್ದಿದ್ರ ಮತ್ತೇನರ ಹುಡುಕತಿದ್ದ ಅಣ್ಣಾ. ಅವಾಗ ನಾ ಅಲ್ಲಿ ಇರತಿದ್ದಿಲ್ಲ," ಎಂದಳು ಅವಳು.

ಓಣಿಯ ಕೆಲವು ಮನೆಗಳು ಅವಳನ್ನು ಅರಿಷಿಣ ಕುಂಕುಮಕ್ಕೆ ಕರೆಯುವುದನ್ನು ಬಿಟ್ಟವು. ಹೊಲಿಸಲು ಬರುವವರು ಹಿತ್ತಿಲ ಬಾಗಿಲಿನಿಂದ ಬರತೊಡಗಿದರು. ನೀಲತ್ತೆ ಒಂದು ದಿನ ಮಶೀನನ್ನು ಎತ್ತಿಸಿ ಬೀದಿಗೆ ಮುಖವಾಗಿ ಮುಂಕಟ್ಟೆಯ ಮೇಲೆ ಇಡಿಸಿದಳು. ಹಿತ್ತಿಲ ಬಾಗಿಲಿಗೆ ಅಗಳಿ ಹಾಕಿದಳು. ಬರುವವರು ಮುಂದಿನಿಂದಲೇ ಬರಬೇಕಾಯಿತು. ಎರಡು ತಿಂಗಳು ಯಾರೂ ಬರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬಂದರು.

ಸುಗ್ಗಿಗೆ ಮುಂಚೆ ನರಗುಂದದವರು ನನ್ನ ಮಾತು ಮುಗಿಸಲು ಬಂದರು. ನಾಲ್ಕು ಮಂದಿ ಹಿರಿಯರು ಪಡಸಾಲೆಯ ಜಮಖಾನೆಯ ಮೇಲೆ ಕುಳಿತು ಅವಲಕ್ಕಿ ತಿಂದು, ಚಹಾ ಕುಡಿದರು. ಎಲ್ಲ ಸರಿಯಾಗಿಯೇ ನಡೆಯಿತು. ಎಲೆಯಡಿಕೆ ಹಾಕಿಕೊಳ್ಳುವಾಗ ಅವರಲ್ಲಿ ಹಿರಿಯರು ಅಪ್ಪನಿಗೆ ಹೇಳಿದರು:

"ಒಂದು ಮಾತ್ರಿ. ಮದವಿ ಮುಂದ ನಿಮ್ಮ ತಂಗಿಯವರು ಹಂದರದಾಗ ಕಾಣಸಬಾರದು. ಆ ಮ್ಯಾಲೂ ನಮ್ಮ ಮನಿಗೆ ಹೋಗೂದು ಬರೂದು ಇರಬಾರದು. ನಮ್ಮನ್ಯಾಗೂ ಹೆಣ್ಣುಮಕ್ಕಳು ಅದಾವ, ನೋಡ್ರಿ."

ಹೊರಗೆ ಮಶೀನಿನ ಸದ್ದು ನಿಂತಿತು. ನಾನು ಕೋಣೆಯ ಬಾಗಿಲಲ್ಲಿದ್ದೆ. ಅಪ್ಪ ತಲೆ ಬಗ್ಗಿಸಿ ಅಡಕೊತ್ತು ನೋಡುತ್ತಿದ್ದ. ಅವನು ಏನು ಹೇಳುತ್ತಿದ್ದನೋ ನನಗೆ ಇಂದಿಗೂ ಗೊತ್ತಿಲ್ಲ. ನಾನು ಕಾಯಲಿಲ್ಲ. ಹೊಸ್ತಿಲು ದಾಟಿ ಪಡಸಾಲೆಗೆ ಬಂದೆ.

"ನಮ್ಮ ಅತ್ತಿ ಇಲ್ಲದ ಹಂದರದಾಗ ನಾನೂ ಇರಂಗಿಲ್ರಿ," ಎಂದೆ.

ಹಿರಿಯರು ನನ್ನನ್ನು ನೋಡಲಿಲ್ಲ. ಅಪ್ಪನನ್ನು ನೋಡಿದರು. "ಏನ್ರಿ ಗೌಡ್ರ, ಹುಡಿಗೀನ ಮಾತಾಡಾಕ ಹತ್ಯಾಳ?"

ಅಪ್ಪ ಎದ್ದ. ನನ್ನ ಕಡೆಗೆ ಬರುತ್ತಾನೆಂದು ಗೋಡೆಗೆ ಒತ್ತಿ ನಿಂತೆ. ಅವನು ನನ್ನನ್ನು ದಾಟಿ ಬಾಗಿಲಿಗೆ ಹೋದ. ಅಲ್ಲಿ ಬಿಟ್ಟಿದ್ದ ನಾಲ್ಕು ಜೊತೆ ಕಾಲ್ಮರಿಗಳ ಮುಂದೆ ಬಗ್ಗಿ, ಒಂದೊಂದೇ ಜೊತೆಯನ್ನು ತನ್ನ ಕೈಯಾರೆ ತಿರುಗಿಸಿ, ತುದಿ ಬೀದಿಯ ಕಡೆಗೆ ಬರುವಂತೆ ಸಾಲಾಗಿ ಇಟ್ಟ. ಕೈ ಝಾಡಿಸಿಕೊಂಡು ನಿಂತು, ಬಂದವರಿಗೆ ಕೊಡಬೇಕಾದ ಮರ್ಯಾದೆಯಲ್ಲಿ ಒಂದಿಷ್ಟೂ ಕಡಿಮೆ ಮಾಡದೆ ಹೇಳಿದ:

"ಲಗೂನ ಹೊಂಟ್ರ ನರಗುಂದದ ಬಸ್ಸು ಸಿಗತೈತ್ರಿ."